‘ನಂದೇನಿದೆ ಮಹಾ?’ ಅನ್ನುವ ಅಜ್ಜಿ

ಪ್ರಶ್ನೆ: ಅಜ್ಜಿಯ ಕಥೆಗಳನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡುವ ಆಸೆ. ಫೋನ್ ಮುಂದಿಟ್ಟರೆ ಸಾಕು, ‘ನಂದೇನಿದೆ ಮಹಾ?’ ಅಂತ ಸುಮ್ಮನಾಗುತ್ತಾರೆ. ಏನು ಮಾಡಲಿ?
– ಓದುಗರೊಬ್ಬರು, ತಿಪಟೂರು

ಉತ್ತರ: ‘ನಿಮ್ಮ ಜೀವನದ ಬಗ್ಗೆ ಹೇಳಿ’ ಅಂತ ಕೇಳಿದಿರಿ, ಅಲ್ವಾ? ಹಾಗೆ ಕೇಳಿದರೆ ನಾನೂ ಸುಮ್ಮನಾಗುತ್ತೇನೆ! ನ್ಯೂಯಾರ್ಕಿನ ಗ್ರ್ಯಾಂಡ್ ಸೆಂಟ್ರಲ್ ರೈಲು ನಿಲ್ದಾಣದಲ್ಲಿ 2003ರಲ್ಲಿ ರೇಡಿಯೊ ಕಾರ್ಯಕ್ರಮ ನಿರ್ಮಾಪಕ ಡೇವ್ ಐಸೇ ಮಾತು ರೆಕಾರ್ಡ್ ಮಾಡುವ ಒಂದು ಪುಟ್ಟ ಕೋಣೆ ತೆರೆದರು. ಹೆಸರು ಸ್ಟೋರಿಕಾರ್ಪ್ಸ್. ಒಳಗೆ ಕೂರುವವರು ಪರಸ್ಪರ ಬಲ್ಲ ಇಬ್ಬರು: ಅಮ್ಮ-ಮಗ, ಗಂಡ-ಹೆಂಡತಿ, ಹಳೇ ಗೆಳೆಯರು. ಮಾತಿಗೆ 40 ನಿಮಿಷ. ಅವರು ಒಪ್ಪಿದರೆ ಧ್ವನಿ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಸೇರುತ್ತದೆ. ಪತ್ರಕರ್ತರು ಪ್ರಶ್ನೆ ಕೇಳುವುದಿಲ್ಲ, ನನಗೆ ಜಾಸ್ತಿ ಹಿಡಿಸಿದ್ದು ಅದೇ.

ನೀವೂ ಸಂದರ್ಶನಕ್ಕೆ ಕೂತವರಂತೆ ಕೂರಬೇಡಿ. ಅವರೆಕಾಳು ಬಿಡಿಸುತ್ತಾ ಕೇಳಿ: ಮದುವೆ ದಿನ ಜಡೆ ಹೆಣೆದವರು ಯಾರು? ಮೊದಲ ಸಲ ಊರಿಗೆ ಕರೆಂಟು ಬಂದಾಗ ಯಾರ ಮನೆಯಲ್ಲಿದ್ದಿರಿ? ರೆಕಾರ್ಡ್ ಮಾಡುತ್ತಿದ್ದೀರೆಂದು ಮೊದಲೇ ಹೇಳಿ, ಕದ್ದು ಮಾಡಬೇಡಿ. ನಡುವೆ ಅಜ್ಜಿ ಸುಮ್ಮನಾದರೆ ನೀವು ಬಾಯಿ ಹಾಕಬೇಡಿ. ಬಹಳ ಸಲ ಒಳ್ಳೆಯ ಮಾತು ಆಮೇಲೇ ಬರುತ್ತದೆ. ಹಾಂ, ಫ್ಯಾನ್ ಆರಿಸಿ. ಕುಕ್ಕರ್ ಇಳಿಸಿದ ಮೇಲೇ ಶುರು ಮಾಡಿ.