ಮೌಸ್ ಇಟ್ಟರೂ ಬಟನ್ ಕೆಂಪಾಗುತ್ತಿಲ್ಲವೇ?

ಡಬ್ಲ್ಯೂಪಿಎಫ್ (ವಿಂಡೋಸ್ ಆ್ಯಪ್‌ಗಳ ತೆರೆ ಕಟ್ಟುವ ಮೈಕ್ರೋಸಾಫ್ಟ್ ಚೌಕಟ್ಟು) ಬಟನ್‌ಗೆ ಬೂದು ಬ್ಯಾಕ್‌ಗ್ರೌಂಡ್ ಕೊಟ್ಟು, ಸ್ಟೈಲ್‌ನಲ್ಲಿ (ಬಟನ್‌ನ ನೋಟದ ನಿಯಮಗಳ ಗುಂಪು) ಈಸ್‌ಮೌಸ್‌ಓವರ್ ಟ್ರಿಗರ್‌ನಿಂದ, ಅಂದರೆ ಮೌಸ್ ಮೇಲಿದ್ದಾಗ ಜಾರಿಯಾಗುವ ನಿಯಮದಿಂದ, ಕೆಂಪು ಮಾಡಲು ಹೊರಟಿದ್ದೀರಿ, ಆದರೆ ಮೌಸ್ ಇಟ್ಟಾಗ ತಿಳಿನೀಲಿ ಬರುತ್ತಿದೆ ಅಂದುಕೊಳ್ಳಿ. ಇಲ್ಲಿ ಎರಡು ತೊಡಕುಗಳಿವೆ.

ಮೊದಲನೆಯದು ಸುಲಭ. ಬಟನ್ ಟ್ಯಾಗ್‌ನಲ್ಲೇ ಬರೆದ ಮೌಲ್ಯ ಸ್ಟೈಲ್ ಟ್ರಿಗರ್‌ಗಿಂತ ಮೇಲು. ಬೂದು ಬಣ್ಣವನ್ನು ಅಲ್ಲಿಂದ ತೆಗೆದು ಸ್ಟೈಲ್‌ನೊಳಗೆ ಸೆಟ್ಟರ್ (ಒಂದು ಗುಣಕ್ಕೆ ಮೌಲ್ಯ ಕೊಡುವ ಸಾಲು) ಆಗಿ ಹಾಕಿ.

ಅಷ್ಟು ಮಾಡಿದರೂ ನೀಲಿ ಹೋಗುವುದಿಲ್ಲ, ಎಲ್ಲರೂ ಸೋಲುವುದು ಇಲ್ಲೇ. ವಿಷುಯಲ್ ಸ್ಟುಡಿಯೋದಲ್ಲಿ ಓಡುತ್ತಿರುವ ಆ್ಯಪ್‌ನ ಒಳರಚನೆ ತೋರಿಸುವ ಲೈವ್ ವಿಷುಯಲ್ ಟ್ರೀ ತೆರೆದು ನೋಡಿ: ಬಟನ್‌ನ ಬ್ಯಾಕ್‌ಗ್ರೌಂಡ್ ಕೆಂಪೇ ಆಗಿರುತ್ತದೆ, ಒಳಗಿನ ಬಾರ್ಡರ್ ಮಾತ್ರ ನೀಲಿ. ವಿಂಡೋಸ್ 8ರಿಂದೀಚೆಗಿನ ಡೀಫಾಲ್ಟ್ ಟೆಂಪ್ಲೇಟ್‌ನ (ಬಟನ್‌ನ ಒಳರಚನೆಯ ಅಚ್ಚು) ಸ್ವಂತ ಟ್ರಿಗರ್ ಆ ಬಾರ್ಡರ್‌ಗೆ ನೇರವಾಗಿ ಬಣ್ಣ ಬಳಿಯುತ್ತದೆ. ಹಾಗಾಗಿ ಸ್ಟೈಲ್‌ನಲ್ಲೇ ಟೆಂಪ್ಲೇಟ್ ಸೆಟ್ಟರ್ ಹಾಕಿ, ಕಂಟ್ರೋಲ್‌ಟೆಂಪ್ಲೇಟ್‌ನೊಳಗೆ ಒಂದು ಬಾರ್ಡರ್, ಅದರೊಳಗೆ ಬಟನ್‌ನ ಅಕ್ಷರ ತೋರಿಸುವ ಕಂಟೆಂಟ್‌ಪ್ರೆಸೆಂಟರ್ ಇಡಿ. ಬಾರ್ಡರ್‌ನ ಬ್ಯಾಕ್‌ಗ್ರೌಂಡನ್ನು ಟೆಂಪ್ಲೇಟ್‌ಬೈಂಡಿಂಗ್‌ನಿಂದ ಬಟನ್‌ಗೆ ಜೋಡಿಸಿ. ಇದನ್ನು ಮರೆತರೆ ಬಾರ್ಡರ್ ಖಾಲಿ ಉಳಿದು, ಮೌಸ್ ಅಕ್ಷರದ ಮೇಲೆ ಇದ್ದಾಗ ಮಾತ್ರ ಟ್ರಿಗರ್ ಓಡುತ್ತದೆ. ಪ್ಯಾಡಿಂಗ್ ಬೇಕಿದ್ದರೆ ಅದನ್ನೂ ಹೀಗೇ ಜೋಡಿಸಬೇಕು.

ಬಟನ್ ಒತ್ತಿದಾಗಿನ ಈಸ್‌ಪ್ರೆಸ್ಡ್ ಟ್ರಿಗರ್ ಸೇರಿಸುವುದಾದರೆ ಈಸ್‌ಮೌಸ್‌ಓವರ್‌ನ ಕೆಳಗೆ ಬರೆಯಿರಿ. ಒತ್ತಿದಾಗ ಎರಡೂ ನಿಜವಾಗಿರುತ್ತವೆ, ಕೊನೆಯಲ್ಲಿ ಬರೆದದ್ದೇ ಗೆಲ್ಲುತ್ತದೆ.