ಸ್ನಾರ್ಕೆಲ್ ಬಿಡಿ, ಗಾಡಿಯನ್ನು ಹಳ್ಳದ ಆಚೆ ನಿಲ್ಲಿಸಿ

ಮಳೆಗಾಲ ಹತ್ತಿರ ಬಂತು ಅಂದ್ರೆ ನನಗೆ ಬರುವ ಪ್ರಶ್ನೆಗಳೆಲ್ಲ ಒಂದೇ ಥರ. ಧರೆ ಕುಸಿದರೆ, ಹೊಳೆ ಉಕ್ಕಿದರೆ ಮನೆ ಬಿಟ್ಟು ಹೊರಡಲು ಯಾವ ಗಾಡಿ ಒಳ್ಳೇದು, ಅದಕ್ಕೆ ಏನೇನು ಹಾಕಿಸಬೇಕು? ಕೇಳುವುದು ತಪ್ಪಲ್ಲ. ಆದರೆ ವಿಡಿಯೋ ನೋಡಿ ಮೊದಲೇ ತೀರ್ಮಾನ ಮಾಡಿಕೊಂಡು, ನನ್ನಿಂದ ಹೂಂ ಅನ್ನಿಸಿಕೊಳ್ಳಲು ಬರುವವರೇ ಜಾಸ್ತಿ. ಅದಕ್ಕೇ ನನಗೆ ಸಿಟ್ಟು ಬರೋದು. ಸರ್ವಿಸ್, ಬ್ರೇಕ್, ಇನ್ಶೂರೆನ್ಸ್ ಬಗ್ಗೆ ಇಲ್ಲಿ ಹೇಳಲ್ಲ. ಅಷ್ಟು ನಿಮಗೆ ಗೊತ್ತಿರಬೇಕು.

ಪ್ರಶ್ನೆ: ನಮ್ಮ ಮನೆ ಹೊಸನಗರ ತಾಲ್ಲೂಕಿನಲ್ಲಿ, ಗುಡ್ಡದ ಬುಡಕ್ಕಿದೆ. ಟಾರ್ ರೋಡಿಗೆ ಹೋಗಲು ಒಂದು ಹಳ್ಳ ದಾಟಬೇಕು, ಮೋರಿ ತಗ್ಗಿನಲ್ಲಿದೆ. ಅಮ್ಮನಿಗೆ ಮಂಡಿನೋವು. ಇರುವ ವ್ಯಾಗನ್ ಆರ್ ಮಾರಿ ಸೆಕೆಂಡ್ ಹ್ಯಾಂಡ್ ಥಾರ್ ತಗೊಂಡು ಸ್ನಾರ್ಕೆಲ್, ವಿಂಚ್ (ಹೂತ ಗಾಡಿಯನ್ನು ಹಗ್ಗ ಸುತ್ತಿ ಎಳೆಯುವ ಯಂತ್ರ), ರೂಫ್ ಲೈಟ್ ಹಾಕಿಸೋಣ ಅಂತಿದ್ದೇನೆ. ಸರೀನಾ ಸರ್?

ಬೇಡ. ನಿಮ್ಮ ತೊಂದರೆ ಇರೋದು ಗಾಡಿಯಲ್ಲಲ್ಲ, ಹಳ್ಳದಲ್ಲಿ. ಹರಿಯುವ ನೀರು ಒಂದಡಿ ಇದ್ದರೆ ಸಣ್ಣ ಕಾರು ತೇಲುತ್ತದೆ, ಎರಡಡಿ ಇದ್ದರೆ ಜೀಪು, ಪಿಕಪ್ ಯಾವುದನ್ನೂ ಬಿಡಲ್ಲ. 2020ರ ನಂತರದ ಥಾರ್‌ಗೆ ಕಂಪನಿ ಹೇಳುವ ಮಿತಿ 650 ಮಿಲಿಮೀಟರ್, ಎರಡಡಿ ಚಿಲ್ಲರೆ. ಗುಡ್ಡದಿಂದ ದಿಮ್ಮಿ, ಕಲ್ಲು ಹೊತ್ತು ನುಗ್ಗುವ ಕೆಂಪು ನೀರಿಗೆ ಆ ಲೆಕ್ಕ ನಡೆಯಲ್ಲ. ಕೆಳಗೆ ಮೋರಿ ಇದೆಯೋ ಕೊಚ್ಚಿ ಹೋಗಿದೆಯೋ ಅನ್ನೋದೂ ಕಾಣಲ್ಲ. ಸ್ನಾರ್ಕೆಲ್ ಎಂಜಿನ್‌ಗೆ ಗಾಳಿ ಹೋಗುವ ಬಾಯಿಯನ್ನು ಮೇಲೆತ್ತುತ್ತದೆ, ಅಷ್ಟೇ. ಗಾಡಿ ತೇಲೋದನ್ನು ಅದು ತಡೆಯಲ್ಲ. "ಇದೊಂದು ಹಾಕಿಸಿ, ಯಾವ ಹೊಳೆ ಬೇಕಾದ್ರೂ ದಾಟಿ" ಅಂತ ಮಾರುವವರ ಮಾತು ನಂಬಿ ಮಕ್ಕಳನ್ನು ಕೂರಿಸಿಕೊಂಡು ನೀರಿಗೆ ಇಳಿಯಬೇಡಿ, ದಯವಿಟ್ಟು.

ಇನ್ನೊಂದು ವಿಷಯ. ಮೂರು ಬಾಗಿಲಿನ ಥಾರ್‌ನಲ್ಲಿ ಹಿಂದೆ ಕೂರಬೇಕಾದರೆ ಮುಂದಿನ ಸೀಟು ಮಡಚಿ ನುಸುಳಬೇಕು. ಮಂಡಿನೋವಿನ ಅಮ್ಮನನ್ನು ಕತ್ತಲಲ್ಲಿ, ಮಳೆಯಲ್ಲಿ ಹೇಗೆ ಹತ್ತಿಸುತ್ತೀರಿ? ಯಾವ ಗಾಡಿ ತಗೊಳ್ಳೋದಿದ್ದರೂ ಮೊದಲು ಮನೆಯ ಹಿರಿಯರನ್ನು ಕರೆದುಕೊಂಡು ಹೋಗಿ ಹತ್ತಿಸಿ, ಇಳಿಸಿ ನೋಡಿ. ವ್ಯಾಗನ್ ಆರ್ ಬಾಗಿಲು ಅಗಲ, ಸೀಟು ಎತ್ತರ. ಅದನ್ನೇ ಇಟ್ಕೊಳ್ಳಿ.

ಹವಾಮಾನ ಇಲಾಖೆಯ ಆರೆಂಜ್ ಅಲರ್ಟ್ ಅಂದ್ರೆ ದಿನಕ್ಕೆ ಸುಮಾರು 115ರಿಂದ 204 ಮಿಲಿಮೀಟರ್ ಮಳೆಯ ಮುನ್ಸೂಚನೆ, ಅದಕ್ಕೂ ಮೇಲಾದರೆ ರೆಡ್. ಆರೆಂಜ್ ಬಂದ ದಿನ, ಹಗಲಿನಲ್ಲೇ, ಹಳ್ಳ ಇನ್ನೂ ಸಣ್ಣದಿರುವಾಗ ಕಾರನ್ನು ದಾಟಿಸಿ ಟಾರ್ ರೋಡಿನ ಬದಿಗೆ ನಿಲ್ಲಿಸಿ. ಮರದ ಕೆಳಗೆ ಬೇಡ, ಧರೆಯ ಪಕ್ಕ ಬೇಡ, ಮೂತಿ ರೋಡಿನ ಕಡೆಗಿರಲಿ. ಅಮ್ಮನನ್ನು ಅವತ್ತೇ ನೆಂಟರ ಮನೆಗೆ ಬಿಟ್ಟು ಬಂದರೆ ಇನ್ನೂ ಒಳ್ಳೇದು. ಧರೆಯಲ್ಲಿ ಹೊಸ ಬಿರುಕು ಕಂಡರೆ, ಒರತೆ ನೀರು ಇದ್ದಕ್ಕಿದ್ದಂತೆ ಕೆಂಪಾದರೆ ಯಾವ ಅಲರ್ಟಿಗೂ ಕಾಯಬೇಡಿ, ಹೊರಡಿ. ಹಳ್ಳ ಆಗಲೇ ತುಂಬಿದ್ದರೆ ದಾಟುವ ಸಾಹಸ ಬೇಡ, ಗುಡ್ಡದ ಇಳಿಜಾರಿನಿಂದ ದೂರ ಇರುವ ಎತ್ತರದ ಮನೆಗೆ ನಡೆದು ಹೋಗಿ, 112ಕ್ಕೆ ಫೋನ್ ಮಾಡಿ.

ವಿಂಚ್ ದುಡ್ಡನ್ನು ಟೈರಿಗೆ ಹಾಕಿ. ಟೈರಿನ ಗೀರು 1.6 ಮಿಲಿಮೀಟರ್ ಆಳ ಇದ್ದರೆ ಸಾಕು ಅನ್ನುತ್ತದೆ ಕಾನೂನು, ನಮ್ಮ ಮಳೆಗೆ ನಾನು 3ಕ್ಕೇ ಬದಲಾಯಿಸಿ ಅನ್ನುತ್ತೇನೆ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ, 2321 ಅಂದ್ರೆ 2021ರ 23ನೇ ವಾರ ತಯಾರಾದದ್ದು. ಅಂಗಡಿಯವನು ಹೊಸತು ಅಂದರೂ ಅದನ್ನು ಓದಿಯೇ ತಗೊಳ್ಳಿ. ಡಿಕ್ಕಿಯಲ್ಲಿ ಒಂದು ದಪ್ಪ ಹಲಗೆ ತುಂಡು ಇಡಿ. ಒದ್ದೆ ಮಣ್ಣಿನಲ್ಲಿ ಜಾಕ್ ಗಾಡಿಯನ್ನು ಎತ್ತಲ್ಲ, ತಾನೇ ಹೂತುಕೊಳ್ಳುತ್ತದೆ, ಹಲಗೆ ಇದ್ದರೆ ನಿಲ್ಲುತ್ತದೆ. ಚಕ್ರ ಜಾರಿದರೆ ಕೆಳಗೆ ಹಾಕಲು ಖಾಲಿ ಅಡಿಕೆ ಚೀಲ, ಮರದ ಟೊಂಗೆಗೆ ಕತ್ತಿ, ಗಟ್ಟಿ ಹಗ್ಗ, ಟಾರ್ಚು, ಕಂಬಳಿ, ಅಮ್ಮನ ಮಾತ್ರೆ. ಟ್ಯಾಂಕ್ ಅರ್ಧಕ್ಕಿಂತ ಇಳಿಯಬಾರದು. ಕರೆಂಟ್ ಹೋದರೆ ಎಲ್ಲ ಬಂಕುಗಳೂ ನಡೆಯಲ್ಲ. ಸಾಮಾನು ಕ್ಯಾರಿಯರ್ ಮೇಲೆ ಹೇರಬೇಡಿ, ತಿರುವಿನಲ್ಲಿ ಗಾಡಿ ವಾಲುತ್ತದೆ.

ಪ್ರಶ್ನೆ: ಮಳೆಗಾಲದಲ್ಲಿ ಟೈರ್ ಗಾಳಿ ಕಮ್ಮಿ ಮಾಡಿದರೆ ಹಿಡಿತ ಜಾಸ್ತಿ ಅಂತಾರೆ?

ಟಾರ್ ರೋಡಿನಲ್ಲಿ ಅದು ಶುದ್ಧ ಸುಳ್ಳು, ನೀರಿನ ಮೇಲೆ ಇನ್ನೂ ಬೇಗ ಜಾರುತ್ತೀರಿ.

ಪ್ರಶ್ನೆ: ಆಗುಂಬೆ ಘಾಟಿ ಇಳಿಯುವಾಗ ನ್ಯೂಟ್ರಲ್ ಮಾಡಿ ಪೆಟ್ರೋಲ್ ಉಳಿಸಬಹುದಾ?

ಹದಿನಾಲ್ಕು ತಿರುವಿದೆ ಅಲ್ಲಿ. ಎರಡನೇ ಗೇರಿನಲ್ಲಿ ಇಳಿಯಿರಿ, ಇದನ್ನು ಮತ್ತೆ ಕೇಳಬೇಡಿ.

ಪ್ರಶ್ನೆ: ಎಲೆಕ್ಟ್ರಿಕ್ ಕಾರಿನ ಬ್ಯಾಟರಿಗೆ ಐಪಿ 67 ಇದೆ, ನೀರಿಗೆ ಇಳಿಸಬಹುದಲ್ವಾ?

ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ಇಟ್ಟರೂ ಬ್ಯಾಟರಿಗೆ ತೊಂದರೆ ಆಗಬಾರದು ಅನ್ನೋ ಪರೀಕ್ಷೆ ಅದು. ಕಾರು ತೇಲಲ್ಲ ಅಂತ ಯಾರು ಹೇಳಿದರು?

ಪ್ರಶ್ನೆ: ನಿಂತ ನೀರಿನಲ್ಲಿ ಗಾಡಿ ಆಫ್ ಆಯಿತು, ಸೆಲ್ಫ್ ಹೊಡೀತಾ ಇದ್ದರೆ ಸ್ಟಾರ್ಟ್ ಆಗುತ್ತಾ?

ಮುಟ್ಟಲೇಬೇಡಿ. ಏರ್ ಫಿಲ್ಟರ್ ಮೂಲಕ ಸಿಲಿಂಡರಿಗೆ ನೀರು ಹೋಗಿದ್ದರೆ ಆ ನೀರು ಗಾಳಿಯ ಹಾಗೆ ಒತ್ತಿದರೆ ಕುಗ್ಗುವುದಿಲ್ಲ, ಕನೆಕ್ಟಿಂಗ್ ರಾಡ್ ಬಗ್ಗಿ ಎಂಜಿನ್ನೇ ಹೋಗುತ್ತದೆ. ಎಲ್ಲರನ್ನೂ ಇಳಿಸಿ ಎತ್ತರಕ್ಕೆ ಕಳಿಸಿ, ಆಮೇಲೆ ಹಗ್ಗ ಕಟ್ಟಿ ಎಳೆಸಿ.