ಸ್ಟಾರ್‌ಡ್ಯೂ ವ್ಯಾಲಿಯಲ್ಲಿ ಮಲೆನಾಡಿನ ತೋಟ ಕಟ್ಟೋದು: ನೀರು ಮೊದಲು, ಬೇಲಿ ಕೊನೆಗೆ

ನೀವು ಕೇಳಿರೋದು ಇಷ್ಟು: ಹಾಸನದಲ್ಲಿದ್ದೀರಿ, ಸ್ಟಾರ್‌ಡ್ಯೂ ವ್ಯಾಲಿ ಅನ್ನೋ ಬೇಸಾಯದ ವಿಡಿಯೋ ಗೇಮ್ ಹೊಸದಾಗಿ ಆಡ್ತಾ ಇದ್ದೀರಿ, ಮೊದಲ ವರ್ಷದ ಸಮ್ಮರ್ ಈಗಷ್ಟೇ ಶುರುವಾಗಿದೆ. ಸಕಲೇಶಪುರದ ಅಜ್ಜಿ ಮನೆ ತೋಟದ ಥರ ಚಪ್ಪರ, ಬೇಲಿ, ಗಾಜಿನ ಮನೆ, ಕಣದ ಪಕ್ಕ ಒಂದು ಶೆಡ್ಡು ಎಲ್ಲಾ ಕಟ್ಟಬೇಕು ಅಂತ ಆಸೆ. ಆದರೆ ಬೇಲಿಗೇ ಮರ ಎಲ್ಲಾ ಖರ್ಚಾಗಿ ಕೈ ಖಾಲಿಯಾಗಿದೆ. ಯಾವುದು ಮೊದಲು, ಯಾವುದು ಆಮೇಲೆ?

ಬೇಲಿ ಬಿಡಿ. ಅದು ಎಲ್ಲಕ್ಕಿಂತ ಕೊನೆಗೆ.

ನೀವು ಬೇಲಿಯಿಂದ ಶುರು ಮಾಡಿದ್ದು ಯಾಕೆ ಅಂತ ಗೊತ್ತಾಗುತ್ತೆ. ನಮ್ಮದು ಮೂಡಿಗೆರೆ ಕಡೆ ಸಣ್ಣ ಕಾಫಿ ತೋಟ. ನಮ್ಮಲ್ಲಿ ಯಾರು ಜಾಗ ತಗೊಂಡರೂ ಮೊದಲು ಬೇಲಿ ಮಾತು, ಆಮೇಲೆ ಗಿಡದ ಮಾತು. ಆನೆ ಬರುತ್ತೆ, ಹಂದಿ ಬರುತ್ತೆ, ಪಕ್ಕದವರ ದನ ಬರುತ್ತೆ. ಸೋಲಾರ್ ತಂತಿ ಎಳೆದು, ಕಂದಕ ತೋಡಿಸಿದರೂ ಆನೆ ತನ್ನ ದಾರಿ ತಾನು ನೋಡಿಕೊಳ್ಳುತ್ತೆ. ಈ ಆಟದಲ್ಲಿ ಅದ್ಯಾವುದೂ ಇಲ್ಲ. ಬೆಳೆಗೆ ಹೊರಗಿನಿಂದ ಯಾವ ಪ್ರಾಣಿಯೂ ನುಗ್ಗಲ್ಲ. ನೀವು ಸಾಕಿದ ಹಸು, ಕೋಳಿ ಹುಲ್ಲು ತಿನ್ನುತ್ತವೆ, ಬೆಳೆ ಮುಟ್ಟಲ್ಲ. ಬೆಳೆ ತಿನ್ನೋದು ಕಾಗೆ ಒಂದೇ. ಕಾಗೆಗೆ ಬೇಲಿ ಯಾವ ಲೆಕ್ಕ? ಅದಕ್ಕೆ ಬೆರ್ಚಪ್ಪ ಬೇಕು. 50 ತುಂಡು ಮರ, 1 ಇದ್ದಿಲು, 20 ನಾರು ಇದ್ದರೆ ಒಂದು ಬೆರ್ಚಪ್ಪ ರೆಡಿ, ಸುತ್ತ 8 ಚೌಕದವರೆಗೆ ಕಾಯುತ್ತೆ. ನಿಮ್ಮ ಬೇಲಿ ಮರದಲ್ಲಿ ಎಷ್ಟು ಬೆರ್ಚಪ್ಪ ನಿಲ್ಲಿಸಬಹುದಿತ್ತು ಅಂತ ಲೆಕ್ಕ ಹಾಕಬೇಡಿ, ಸುಮ್ನೆ ಬೇಜಾರಾಗುತ್ತೆ. ಸಾಲದ್ದಕ್ಕೆ ಮರದ ಬೇಲಿ ಎರಡು ಸೀಸನ್ ಕಳೆಯೋದರೊಳಗೆ ಮುರಿದು ಬೀಳೋಕೆ ಶುರುವಾಗುತ್ತೆ. ಹಾರ್ಡ್‌ವುಡ್ (ಗಟ್ಟಿ ಮರ) ಬೇಲಿ ಜಾಸ್ತಿ ಬಾಳಿಕೆ ಬರುತ್ತೆ, ಆದರೆ ಹಾರ್ಡ್‌ವುಡ್‌ಗೆ ಈಗ ಬೇರೆ ಕೆಲಸ ತುಂಬಾ ಇದೆ.

ಮೊದಲು ನೋಡಬೇಕಾದ್ದು ನೀರು. ತೋಟದ ಆಕಾರ ತೀರ್ಮಾನ ಮಾಡೋದೇ ಸ್ಪ್ರಿಂಕ್ಲರ್. ಮೊದಲನೇ ಸ್ಪ್ರಿಂಕ್ಲರ್ ಫಾರ್ಮಿಂಗ್ ಲೆವೆಲ್, ಅಂದರೆ ಆಟದಲ್ಲಿ ನಿಮ್ಮ ಬೇಸಾಯದ ಮಟ್ಟ, 2ಕ್ಕೆ ಬಂದಾಗ ಸಿಗುತ್ತೆ, ಎಡ ಬಲ ಮೇಲೆ ಕೆಳಗೆ ಅಂತ 4 ಚೌಕಕ್ಕೆ ಮಾತ್ರ ನೀರು. ನಿಜ ಹೇಳಬೇಕು ಅಂದರೆ ಅದರಿಂದ ದೊಡ್ಡ ಉಪಯೋಗ ಇಲ್ಲ. ಲೆವೆಲ್ 6ಕ್ಕೆ ಬರೋ ಕ್ವಾಲಿಟಿ ಸ್ಪ್ರಿಂಕ್ಲರ್ ಸುತ್ತಲಿನ 8 ಚೌಕಕ್ಕೆ ಹಾಕುತ್ತೆ. ಲೆವೆಲ್ 9ರ ಇರಿಡಿಯಂ ಸ್ಪ್ರಿಂಕ್ಲರ್ 24 ಚೌಕಕ್ಕೆ. ಬೆಳಿಗ್ಗೆ ನೀವು ಎದ್ದು ಹೊರಗೆ ಬರೋ ಹೊತ್ತಿಗೆ ಇವು ಕೆಲಸ ಮುಗಿಸಿರುತ್ತವೆ. ನಮ್ಮಲ್ಲಿ ಫೆಬ್ರವರಿ, ಮಾರ್ಚಲ್ಲಿ ಹೂ ಮಳೆ ಕೈಕೊಟ್ಟರೆ ಪೈಪು ಹೊತ್ತು, ಜೆಟ್ ಜಾಗ ಬದಲಾಯಿಸಿ, ಮೋಟಾರಿಗೆ ಕರೆಂಟು ಯಾವಾಗ ಬರುತ್ತೆ ಅಂತ ಕಾಯೋರಿಗೆ ಇದನ್ನು ನೋಡಿದರೇ ಹೊಟ್ಟೆ ಉರಿಯುತ್ತೆ.

ಈಗಲೇ ಒಂದು ಗಣಿತದ ಚೌಕುಳಿ ನೋಟ್‌ಬುಕ್ ತಗೊಳ್ಳಿ. ನೋಟ್‌ಬುಕ್ಕಿನ ಒಂದು ಚೌಕ ಅಂದರೆ ಆಟದ ನೆಲದ ಒಂದು ಚೌಕ. 3 ಗುಣಿಸು 3ರ ಗುಂಪುಗಳನ್ನು ಗುರುತು ಮಾಡಿ, ನಡುವಿನ ಚೌಕಕ್ಕೆ ಒಂದು ಸುತ್ತು ಹಾಕಿ. ಅದು ಸ್ಪ್ರಿಂಕ್ಲರ್ ಜಾಗ. ಈಗ ಸ್ಪ್ರಿಂಕ್ಲರ್ ಇಲ್ಲದಿದ್ದರೂ ಪರವಾಗಿಲ್ಲ, ನೀರಿನ ಕ್ಯಾನ್ ಹಿಡಿದೇ ಹಾಕಿ, ಜಾಗ ಮಾತ್ರ ಬಿಟ್ಟಿಡಿ. ಇಂಟರ್‌ನೆಟ್ಟಲ್ಲಿ ಇದಕ್ಕೇ ಅಂತ ಪ್ಲಾನರ್‌ಗಳೂ ಸಿಗುತ್ತವೆ. ನನಗೆ ಪೆನ್ಸಿಲ್ಲೇ ಇಷ್ಟ, ಅಳಿಸೋದು ಸುಲಭ.

ಆಮೇಲೆ ದಾರಿ. ಚಪ್ಪರ ಕಟ್ಟಬೇಕು ಅಂದಿರಲ್ಲ, ದಾರಿ ಯಾಕೆ ಮುಖ್ಯ ಅಂತ ಅಲ್ಲಿ ಗೊತ್ತಾಗೋದು. ಈ ಆಟದಲ್ಲಿ ಚಪ್ಪರ ಅಂತ ಬೇರೆ ಕಟ್ಟೋದಿಲ್ಲ, ಬಳ್ಳಿ ಬೀಜ ಹಾಕಿದರೆ ಅದರ ಆಧಾರ ಅದರ ಜೊತೆಗೇ ಬರುತ್ತೆ. ಸ್ಪ್ರಿಂಗಲ್ಲಿ ಹುರುಳಿಕಾಯಿ, ಸಮ್ಮರಲ್ಲಿ ಹಾಪ್ಸ್ (ಬಿಯರ್‌ಗೆ ಹಾಕೋ ಬಳ್ಳಿ), ಫಾಲಲ್ಲಿ, ಅಂದರೆ ವಿಂಟರ್‌ಗೆ ಮುಂಚಿನ ಸೀಸನ್ನಲ್ಲಿ, ದ್ರಾಕ್ಷಿ. ಮೂರಕ್ಕೂ ಬೀಜ 60 ಗೋಲ್ಡ್ (ಆಟದ ದುಡ್ಡು). ಬೇರೆ ಬೆಳೆಗಳ ನಡುವೆ ನೀವು ಆರಾಮಾಗಿ ನಡೆದುಹೋಗಬಹುದು, ಈ ಬಳ್ಳಿಗಳ ನಡುವೆ ಆಗಲ್ಲ. ಗೋಡೆ ಥರ ಅಡ್ಡ ನಿಲ್ಲುತ್ತವೆ. ಒಂದಕ್ಕೊಂದು ಅಂಟಿಸಿ ಮೂರು ಸಾಲು ಹಾಕಿದರೆ ನಡುವಿನ ಸಾಲಿಗೆ ಕೈ ಎಟುಕಲ್ಲ. ಕಾಯಿ ಕಣ್ಣೆದುರಿಗೇ ಇರುತ್ತೆ, ಕೀಳೋಕೆ ಆಗಲ್ಲ.

ಹಾಗಾಗಿ ಎರಡು ಸಾಲು ಬಳ್ಳಿ, ಒಂದು ಸಾಲು ದಾರಿ, ಮತ್ತೆ ಎರಡು ಸಾಲು ಬಳ್ಳಿ. ಕ್ವಾಲಿಟಿ ಸ್ಪ್ರಿಂಕ್ಲರ್ ಬಂದ ಮೇಲೆ ನಡುವೆ ಅದನ್ನಿಟ್ಟು ಸುತ್ತ 8 ಬಳ್ಳಿ ಹಾಕಿ, ಪ್ರತಿ ಗುಂಪಿನ ನಾಲ್ಕೂ ಕಡೆ ಒಂದು ಚೌಕ ದಾರಿ ಬಿಡಿ. ನೋಡೋಕೂ ಅದೇ ಚೆಂದ. ಸಿಲ್ವರ್ ಓಕ್‌ಗೆ ಹಬ್ಬಿದ ಮೆಣಸಿನ ಬಳ್ಳಿ ಸಾಲಿನ ನಡುವೆ ಓಡಾಡಿದ ಹಾಗೇ ಇರುತ್ತೆ. ನಿಜವಾದ ಕಾಳುಮೆಣಸು ಮಾತ್ರ ಆಟದಲ್ಲಿ ಇಲ್ಲ, ಅಡಿಕೆಯೂ ಇಲ್ಲ. ಅಲ್ಲಿ ಹಾಪ್ಸಿಗೇ ತೃಪ್ತಿಪಡಬೇಕು.

ನೀವಿರೋ ಸಮ್ಮರ್‌ಗೆ ಹಾಪ್ಸ್ ಸರಿಯಾದ ಬೆಳೆ. 11 ದಿನಕ್ಕೆ ಬೆಳೆಯುತ್ತೆ, ಆಮೇಲೆ ದಿನಾ ಕೊಡುತ್ತೆ. ಒಂದು ಸೀಸನ್‌ಗೆ 28 ದಿನ ಅಷ್ಟೇ, ಅದಕ್ಕೆ ಈ ವಾರವೇ ಹಾಕಿ. ಹಾಗೇ ಮಾರಿದರೆ ಒಂದಕ್ಕೆ 25 ಗೋಲ್ಡ್, ಕೆಗ್‌ಗೆ (ಹುದುಗಿಸೋ ಪೀಪಾಯಿ) ಹಾಕಿ ಪೇಲ್ ಏಲ್ ಅನ್ನೋ ಬಿಯರ್ ಮಾಡಿದರೆ 300. ಕೆಗ್ ಬರೋದು ಲೆವೆಲ್ 8ಕ್ಕೆ, ಅಲ್ಲಿವರೆಗೆ ಕೊಯ್ದದ್ದನ್ನು ಪೆಟ್ಟಿಗೆಯಲ್ಲಿ ಕೂಡಿಡಿ, ಕೆಡಲ್ಲ. ಸೀಸನ್ ಮುಗಿದ ಮಾರನೇ ದಿನ ಬಳ್ಳಿ ಒಣಗುತ್ತೆ. ಆಗ ಅದರ ಆಧಾರವೂ ಹೋಯ್ತು. ವರ್ಷವಿಡೀ ನಿಲ್ಲೋ ಚಪ್ಪರ ಬೇಕಾದರೆ ಅದನ್ನು ಗಾಜಿನ ಮನೆ ಒಳಗೆ ಬೆಳೆಸಿ.

ದಾರಿಗೆ ಕಲ್ಲೋ ಮರವೋ ಹಾಸಿ. ಜಲ್ಲಿ ದಾರಿಗೆ ಚೌಕಕ್ಕೆ ಒಂದು ಕಲ್ಲು ಸಾಕು. ತೋಟದೊಳಗೆ ಹಾಸಿದ ದಾರಿ ಮೇಲೆ ನಡಿಗೆ ಸ್ವಲ್ಪ ಚುರುಕಾಗುತ್ತೆ, ಕಳೆಯೂ ಅಲ್ಲಿ ಹುಟ್ಟಲ್ಲ. ಬೇಡ ಅನ್ನಿಸಿದರೆ ಕಿತ್ತು ಬೇರೆ ಕಡೆ ಹಾಕಬಹುದು, ನಷ್ಟ ಇಲ್ಲ. ಒಂದು ಎಚ್ಚರಿಕೆ: ಕಂಪ್ಯೂಟರಲ್ಲಿ ಆಡ್ತಿದ್ದರೆ, ಪಾತ್ರ ಹಾಸಿಗೆಯಲ್ಲಿ ಮಲಗಿದಾಗ ಮಾತ್ರ ಆಟ ಸೇವ್ ಆಗೋದು. ಜುಲೈ ಮಳೆಯಲ್ಲಿ ನಮ್ಮ ಕಡೆ ಕರೆಂಟು ಹೇಳದೆ ಕೇಳದೆ ಹೋಗುತ್ತೆ. ಇಡೀ ದಿನ ದಾರಿ ಹಾಸಿ ಅಲಂಕಾರ ಮಾಡಿದ ದಿನ ಬೇರೆ ಕೆಲಸ ಇಟ್ಟುಕೊಳ್ಳದೆ ಬೇಗ ಮಲಗಿಬಿಡಿ.

ಕಟ್ಟಡದ ವಿಷಯಕ್ಕೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಕಟ್ಟಿಕೊಡೋದು ಊರಿನ ಬಡಗಿ ರಾಬಿನ್. ಮಂಗಳವಾರ ಅಂಗಡಿ ಬಾಗಿಲು ಹಾಕಿರುತ್ತೆ, ಒಂದು ಸಲಕ್ಕೆ ಒಂದೇ ಕೆಲಸ ಹಿಡಿಯುತ್ತಾಳೆ. ಶೆಡ್ಡಿಗೆ 15,000 ಗೋಲ್ಡ್, 300 ಮರ, 3 ದಿನ. ಹೊರಗೆ 7 ಗುಣಿಸು 3 ಚೌಕ ಜಾಗ ಹಿಡಿಯುತ್ತೆ, ಒಳಗೆ ಹೋದರೆ ಅದಕ್ಕಿಂತ ಎಷ್ಟೋ ದೊಡ್ಡದು. ಒಂದು ಸಂಜೆ ನಾನು ಇದನ್ನು ಕಟ್ಟಿಸ್ತಾ ಇದ್ದಾಗ ಅಪ್ಪ ಹಿಂದೆ ನಿಂತು ನೋಡ್ತಿದ್ದರು. "ಮೂರು ದಿನಕ್ಕೆ ಮುಗಿಸ್ತಾಳಾ? ಒಬ್ಬಳೇ? ಆ ಹೆಂಗಸಿನ ನಂಬರ್ ಇದ್ರೆ ಕೊಡು ಮಾರಾಯ" ಅಂದರು. ಕಾಫಿ ಹಣ್ಣಿನ ಸಿಪ್ಪೆ ತೆಗೆಯೋ ನಮ್ಮ ಪಲ್ಪರ್ ಮನೆ ಶೀಟು ಬದಲಾಯಿಸೋಕೆ ಜನ ಸಿಗದೆ ಇದ್ದ ಕಾಲ ಅದು.

ಜಾಗದ ಚಿಂತೆಯೂ ಬೇಡ. ಕಟ್ಟಿದ ಕಟ್ಟಡವನ್ನು ರಾಬಿನ್ ಹತ್ತಿರ ಹೋಗಿ ಒಂದು ಪೈಸೆ ಖರ್ಚಿಲ್ಲದೆ ಬೇರೆ ಕಡೆ ಸರಿಸಬಹುದು, ಆ ಕ್ಷಣದಲ್ಲೇ. ವಾಸ್ತು ನೋಡೋರಿಗೆ ಇಂಥ ಸೌಲಭ್ಯ ಎಲ್ಲಿ ಸಿಗುತ್ತೆ ಹೇಳಿ. ಸರಿಸೋಕೆ ಆಗದೇ ಇರೋದು ಹಣ್ಣಿನ ಗಿಡ. ಕಿತ್ತಳೆ ಸಸಿ 4,000 ಗೋಲ್ಡ್, ದೊಡ್ಡದಾಗೋಕೆ 28 ದಿನ, ಬೆಳೆಯುವಾಗ ಸುತ್ತಲಿನ 8 ಚೌಕ ಖಾಲಿ ಇರಬೇಕು. ಕಾಫಿ ತೋಟ ಅಂದಮೇಲೆ ಕಿತ್ತಳೆ ಇಲ್ಲದೆ ಆಗುತ್ತಾ? ಆದರೆ ನೋಟ್‌ಬುಕ್ಕಲ್ಲಿ ಜಾಗ ಗಟ್ಟಿ ಮಾಡಿಕೊಂಡೇ ನೆಡಿ. ಬಾವಿಗೆ 1,000 ಗೋಲ್ಡ್ ಕೇಳುತ್ತಾಳೆ. ಹೊಲದಲ್ಲೇ ಕೆರೆ ಇರುವಾಗ ಅದು ಬರೀ ಚೆಂದಕ್ಕೆ.

ಇನ್ನು ಗಾಜಿನ ಮನೆ. ಇದನ್ನು ದುಡ್ಡು ಕೊಟ್ಟು ರಾಬಿನ್ ಹತ್ತಿರ ಕಟ್ಟಿಸೋಕೆ ಆಗಲ್ಲ. ಹಳೇ ಗಾಜಿನ ಮನೆ ನಿಮ್ಮ ಜಾಗದಲ್ಲೇ ಮುರಿದು ಬಿದ್ದಿದೆ. ಊರಿನ ಕಮ್ಯೂನಿಟಿ ಸೆಂಟರ್‌ನ ಪ್ಯಾಂಟ್ರಿ ಕೋಣೆಯ ಬಂಡಲ್‌ಗಳನ್ನು, ಅಂದರೆ ಅಲ್ಲಿ ಕೇಳೋ ವಸ್ತುಗಳ ಪಟ್ಟಿಗಳನ್ನು, ಪೂರ್ತಿ ಮಾಡಿದರೆ ರಿಪೇರಿಯಾಗುತ್ತೆ. ಜೋಜಾ ಅನ್ನೋ ದೊಡ್ಡ ಕಂಪನಿಯ ದಾರಿ ಹಿಡಿದರೆ 35,000 ಗೋಲ್ಡ್. ಜೋಜಾಗೆ ಹೋಗಬೇಡಿ ಅಂತ ನಾನು ಹೇಳ್ತೀನಿ, ಆಟದ ಅರ್ಧ ರುಚಿ ಹೋಗುತ್ತೆ.

ಸಮ್ಮರಲ್ಲೇ ಮಾಡಬೇಕಾದ್ದು: ಟೊಮೆಟೊ, ಹಸಿಮೆಣಸಿನಕಾಯಿ, ಬ್ಲೂಬೆರ್ರಿ, ಕರ್ಬೂಜ ಒಂದೊಂದಾದರೂ ಮಾರದೆ ಎತ್ತಿಡಿ. ಸಮ್ಮರ್ ಬಂಡಲ್‌ಗೆ ಅವು ಸಾಕು. ಕ್ವಾಲಿಟಿ ಬಂಡಲ್‌ಗೆ ಚಿನ್ನದ ನಕ್ಷತ್ರದ, ಅಂದರೆ ಒಳ್ಳೇ ಗುಣಮಟ್ಟದ, ಬೆಳೆ ಬೇಕು. ನಾಲ್ಕರಲ್ಲಿ ಮೂರು ಬೆಳೆ, ಒಂದೊಂದರಲ್ಲೂ ಐದು. ಕರ್ಬೂಜ, ಮೆಕ್ಕೆಜೋಳ ಎರಡೂ ಆ ಪಟ್ಟಿಯಲ್ಲಿವೆ. ನಕ್ಷತ್ರ ಬರೋದು ಅದೃಷ್ಟದ ಮೇಲೆ, ಗೊಬ್ಬರ ಹಾಕಿದರೆ ಅದೃಷ್ಟ ಜಾಸ್ತಿ, ಅದಕ್ಕೆ ಐದು ಬೇಕಿದ್ದರೆ ಅದಕ್ಕಿಂತ ಸಾಕಷ್ಟು ಹೆಚ್ಚಿಗೇ ನೆಡಿ. ಮೆಕ್ಕೆಜೋಳ ಫಾಲ್‌ವರೆಗೂ ಬದುಕುತ್ತೆ, ಅವಸರ ಇಲ್ಲ. ಸ್ಪ್ರಿಂಗಲ್ಲಿ ಹುರುಳಿಕಾಯಿ ಎತ್ತಿಡದೆ ಪೂರ್ತಿ ಮಾರಿದ್ದರೆ ಮುಂದಿನ ಸ್ಪ್ರಿಂಗ್‌ಗೆ ಕಾಯಬೇಕು. ಇಲ್ಲಾ, ಶುಕ್ರವಾರ ಮತ್ತು ಭಾನುವಾರ ಕಾಡಿಗೆ ಬರೋ ಗಾಡಿಯಂಗಡಿಯಲ್ಲಿ ಸಿಗುತ್ತಾ ನೋಡ್ತಾ ಇರಿ.

ಗಾಜಿನ ಮನೆ ಒಳಗೆ 10 ಗುಣಿಸು 12, ಅಂದರೆ 120 ಚೌಕ ಮಣ್ಣು. ಅಲ್ಲಿ ಸೀಸನ್ ಲೆಕ್ಕಕ್ಕಿಲ್ಲ, ಕಾಗೆಯೂ ಇಲ್ಲ. ಇರಿಡಿಯಂ ಸ್ಪ್ರಿಂಕ್ಲರ್ ಆರು ಸಾಕು: ನಾಲ್ಕು ಮಣ್ಣಲ್ಲಿ, ಎರಡು ಅಂಚಿನ ಹಲಗೆ ಮೇಲೆ. ಉಳಿದ 116 ಚೌಕಕ್ಕೂ ನೀರು ಮುಟ್ಟುತ್ತೆ. ಹಾಪ್ಸ್ ಹಾಕೋದಾದರೆ ಮಾತ್ರ ಮೇಲೆ ಹೇಳಿದ ದಾರಿಯ ಲೆಕ್ಕ ಇಲ್ಲೂ ಮರೀಬೇಡಿ, ಇಲ್ಲದಿದ್ದರೆ ಒಳಗೆ ಹೋಗೋಕೇ ಜಾಗ ಇರಲ್ಲ. ಇರಿಡಿಯಂ ಸ್ಪ್ರಿಂಕ್ಲರ್‌ಗೆ ಬ್ಯಾಟರಿ ಬೇಕು. ಬ್ಯಾಟರಿಗೆ ಸಿಡಿಲು ಬಡಿಯಬೇಕು. ಫೊರೇಜಿಂಗ್ (ಕಾಡಿನ ಕೆಲಸ) ಲೆವೆಲ್ 6ಕ್ಕೆ ಮಿಂಚುಕೋಲು ಬರುತ್ತೆ, ತೋಟದ ಮೂಲೆಯಲ್ಲಿ ಸಾಲಾಗಿ ನಿಲ್ಲಿಸಿ. ಬೆಳೆಗೆ ಬೀಳೋ ಸಿಡಿಲನ್ನು ಅದು ಹಿಡಿದು ಬ್ಯಾಟರಿ ಮಾಡಿಕೊಡುತ್ತೆ. ನಮ್ಮ ಕಡೆ ಏಪ್ರಿಲ್ ಗುಡುಗಿಗೆ ಟಿವಿ ಪ್ಲಗ್ ಕೀಳೋಕೆ ಓಡ್ತೀವಿ, ಇಲ್ಲಿ ಗುಡುಗು ಬರಲಿ ಅಂತ ಕಾಯಬೇಕು.

ಕಾಫಿ ಬಗ್ಗೆ ನೀವು ಕೇಳೇ ಇಲ್ಲ, ಅಜ್ಜಿ ಮನೆ ತೋಟ ಅಂದಮೇಲೆ ಹೇಳದೆ ಇರೋಕಾಗಲ್ಲ. ಕಾಫಿ ಬೀಜ ಅದೇ ಗಾಡಿಯಂಗಡಿಯಲ್ಲಿ ಕೆಲವೊಮ್ಮೆ 2,500 ಗೋಲ್ಡ್‌ಗೆ ಬರುತ್ತೆ. ಗಣಿಯ ಕಪ್ಪು ಮಸಿ ಭೂತಗಳನ್ನು ಹೊಡೆದರೂ ಅಪರೂಪಕ್ಕೆ ಬೀಳುತ್ತೆ. ಬಾಬಾಬುಡನ್ ಏಳು ಬೀಜ ತಂದರು ಅಂತಾರೆ, ಇಲ್ಲಿ ಒಂದು ಸಾಕು. 10 ದಿನಕ್ಕೆ ಗಿಡ, ಆಮೇಲೆ ಎರಡು ದಿನಕ್ಕೊಮ್ಮೆ ನಾಲ್ಕು ಬೀಜ. ಅದೇ ಬೀಜ ಮತ್ತೆ ಬಿತ್ತಬಹುದು. ಸ್ಪ್ರಿಂಗ್, ಸಮ್ಮರ್ ಎರಡರಲ್ಲೂ ಬೆಳೆಯುತ್ತೆ, ನಡುವೆ ನಡೆದು ಹೋಗಬಹುದು. ಐದು ಬೀಜ ಕೆಗ್‌ಗೆ ಹಾಕಿದರೆ ಎರಡು ಗಂಟೆಯಲ್ಲಿ ಒಂದು ಲೋಟ ಕಾಫಿ. ಕುಡಿದರೆ ಓಟ ಜೋರಾಗುತ್ತೆ. ನೆರಳು ಬೇಕಿಲ್ಲ, ನೆರಳು ಮರದ ಕೊಂಬೆ ಸವರೋ ಮರಗಸಿ ಇಲ್ಲ, ಕಣದಲ್ಲಿ ಒಣಗಿಸೋದಿಲ್ಲ, ಕೊಯ್ಲಿನ ಹೊತ್ತಿಗೆ ಮಳೆ ಬಂತು ಅನ್ನೋ ಗೋಳೂ ಇಲ್ಲ. ನೋಡೋಕೆ ತೋಟ ಅನ್ನಿಸಬೇಕು ಅಂದರೆ ಕಾಫಿ ಮಧ್ಯೆ ಓಕ್ ಮರ ಸಾಲಾಗಿ ಬೆಳೆಸಿ, ಮರ ಮರಕ್ಕೂ ಒಂದು ಚೌಕ ಬಿಟ್ಟು. ಅದಕ್ಕೆ ಅಂಟು ಇಳಿಸೋ ಟ್ಯಾಪರ್ ಹಾಕಿದರೆ ಬರೋ ಅಂಟು ಕೆಗ್ ಮಾಡೋಕೆ ಬೇಕೇ ಬೇಕು. ತಗ್ಗಲ್ಲಿ, ನೀರಿನಿಂದ 3 ಚೌಕದೊಳಗೆ ಸ್ಪ್ರಿಂಗಲ್ಲಿ ಭತ್ತದ ಸಸಿ ನೆಟ್ಟರೆ ನೀರೇ ಹಾಕಬೇಕಿಲ್ಲ. ತೋಟದ ಕೆಳಗೆ ಗದ್ದೆಯೂ ಆಯ್ತು.

ಎಲ್ಲಾ ಆದ ಮೇಲೂ ಬೇಲಿ ಬೇಕೇ ಬೇಕು ಅನ್ನಿಸಿದರೆ ಟೀ ಗಿಡ ನೆಡಿ. ಊರಿನ ಕ್ಯಾರೊಲಿನ್ ಜೊತೆ ಎರಡು ಹೃದಯದ ಸ್ನೇಹ ಆದ ಮೇಲೆ (ಆಟದಲ್ಲಿ ಸ್ನೇಹ ಅಳೆಯೋದು ಹೃದಯದ ಲೆಕ್ಕದಲ್ಲಿ) ಅವಳ ಮನೆಯ ಹಸಿರು ಕೋಣೆಗೆ ಹೋದರೆ ಸಸಿ ಮಾಡೋ ವಿಧಾನ ಕಳಿಸಿಕೊಡುತ್ತಾಳೆ. 20 ದಿನಕ್ಕೆ ಪೊದೆಯಾಗುತ್ತೆ, ಮರದ ಬೇಲಿ ಥರ ಮುರಿಯಲ್ಲ. ವಿಂಟರ್ ಬಿಟ್ಟು ಪ್ರತಿ ಸೀಸನ್‌ನ ಕೊನೇ ವಾರ ದಿನಾ ಎಲೆ ಕೊಡುತ್ತೆ. ಹೊರಡೋ ದಾರಿಯಲ್ಲಿ ಒಂದು ಗೇಟು ಇಟ್ಟು, ಅದನ್ನೇ ಉಣುಗೋಲು ಅಂದುಕೊಳ್ಳಿ. 10 ಮರ ಅಷ್ಟೇ.

ಒಂದು ಮಾತ್ರ ನೀವು ಬರೆದಿಲ್ಲ: ಶುರುವಲ್ಲಿ ಯಾವ ಫಾರ್ಮ್ ನಕ್ಷೆ ಆರಿಸಿದ್ದೀರಿ? ಸ್ಟ್ಯಾಂಡರ್ಡ್ ಆಗಿದ್ದರೆ ಇಷ್ಟೂ ಹಾಗೇ ನಡೆಯುತ್ತೆ. ಹೊಳೆ ನಕ್ಷೆ, ಅಂದರೆ ರಿವರ್‌ಲ್ಯಾಂಡ್ ಆಗಿದ್ದರೆ ನೆಲ ತುಂಡು ತುಂಡು. ಅಲ್ಲಿ ಉದ್ದ ಸಾಲಿನ ಯೋಚನೆ ಬಿಟ್ಟು, ಪ್ರತಿ ದ್ವೀಪಕ್ಕೂ ಒಂದೊಂದು ಸ್ಪ್ರಿಂಕ್ಲರ್ ಗುಂಪು ಅಂತ ಬೇರೆ ಹಾಳೆಯಲ್ಲಿ ಗೀಚಬೇಕಾಗುತ್ತೆ. ಯಾವುದು ಅಂತ ಹೇಳಿ, ಅದಕ್ಕೆ ತಕ್ಕ ಹಾಗೆ ಬರೀತೀನಿ.